ಏಳನೇ ಟ್ಯಾಂಕಿನ ಬಗ್ಗೆ ನಾನು ಬರೆದಿಟ್ಟ ಸುಳ್ಳು

ದ್ರಾಕ್ಷಿ ಕೊಯ್ಲು ಮುಗಿದು ಹನ್ನೊಂದು ವಾರ. ಪ್ರೆಸ್ ತೊಳೆದು ಮುಚ್ಚಿಟ್ಟಾಗಿದೆ, ಪಂಪುಗಳ ಗದ್ದಲ ನಿಂತಿದೆ, ನನ್ನ ಉಗುರಿನ ಸಂದಿಯ ನೇರಳೆ ಬಣ್ಣ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಈಗ ಕಂಡವರೆಲ್ಲರದೂ ಒಂದೇ ಪ್ರಶ್ನೆ: "ಈ ಸಲದ್ದು ಹೇಗಿದೆ?" ಮಾಲೀಕರು ಕೇಳುತ್ತಾರೆ. ಬಾಟಲಿ ಸರಬರಾಜು ಮಾಡುವವರು ಕೇಳುತ್ತಾರೆ. ವೈನ್ ಬಾಯಿಗೇ ಹಾಕದ ನಮ್ಮ ಲೆಕ್ಕಪತ್ರದವರೂ ಕೇಳುತ್ತಾರೆ. "ಚೆನ್ನಾಗಿದೆ" ಅಂದರೆ ನೆಮ್ಮದಿಯಿಂದ ಹೋಗುತ್ತಾರೆ. "ಇನ್ನೂ ಗೊತ್ತಿಲ್ಲ" ಅಂದರೆ ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಹದಿನಾಲ್ಕು ಕೊಯ್ಲುಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಕೆಲಸ. ಓದಿದ್ದು ರಸಾಯನಶಾಸ್ತ್ರ, ಮೊದಲು ದುಡಿದದ್ದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ. ಅಲ್ಲಿ ಇವತ್ತು ಡಬ್ಬಿಗೆ ತುಂಬಿದ ಬಣ್ಣ ನಾಳೆಯೂ ಅದೇ ಬಣ್ಣ. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಅಳೆದದ್ದನ್ನು ಸಂಜೆ ನಂಬಬಾರದು ಅಂತ ಕಲಿತೆ. ವರ್ಷಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹೊಸ ವೈನಿನ ರುಚಿ ನೋಡಲು ಕೂರುವ ಮೊದಲು ಹಳೆಯದೊಂದೆರಡನ್ನು ತೆಗೆದು ಓದುವುದು ಅಭ್ಯಾಸ. ಒಳ್ಳೆಯ ಅಭ್ಯಾಸವೇನೋ ಸರಿ, ಮನಸ್ಸಿಗೆ ಹಿತ ಅಲ್ಲ.

ಕಳೆದ ವಾರ ತೆಗೆದ ಎರಡು ಪುಟಗಳಿವೆ. ಒಂದು ಒಂಬತ್ತು ವರ್ಷ ಹಿಂದಿನದು, ಮೂರನೇ ಟ್ಯಾಂಕು: "ತೆಳು. ಹುಳಿ ಜಾಸ್ತಿ. ಬಣ್ಣ ಇಲ್ಲ. ಬ್ಲೆಂಡಿಗೆ ಹಾಕಿ ಮುಗಿಸಬಹುದು." ಇನ್ನೊಂದು ಆರು ವರ್ಷ ಹಿಂದಿನದು, ಏಳನೇ ಟ್ಯಾಂಕು: "ಮಸಿಯಂಥ ಬಣ್ಣ. ತುಂಬು ಮೈ. ಇಷ್ಟು ವರ್ಷಗಳಲ್ಲೇ ಶ್ರೇಷ್ಠ!!!" ಮೂರು ಆಶ್ಚರ್ಯಸೂಚಕಗಳು, ಅದೂ ಪೆನ್ನಿನಲ್ಲಿ. ಎರಡೂ ತಪ್ಪು. ಎಲ್ಲಿ ತಪ್ಪಿದೆ ಅಂತ ಹೇಳುವ ಮೊದಲು ಹೊಸ ವೈನ್ ಅಂದರೆ ಎಂಥದು ಅಂತ ಸ್ವಲ್ಪ ಹೇಳಬೇಕು.

ಎರಡು ತಿಂಗಳ ಕೆಂಪು ವೈನ್ ಕುಡಿಯಲು ಚೆನ್ನಾಗಿರುವುದಿಲ್ಲ. ಯೀಸ್ಟಿನ ವಾಸನೆ ಇರುತ್ತದೆ. ಕರಗಿದ ಇಂಗಾಲದ ಡೈಆಕ್ಸೈಡ್ ನಾಲಿಗೆಯ ತುದಿಯಲ್ಲಿ ಚುಚ್ಚುತ್ತದೆ. ಆ ಚುಚ್ಚು ಹುಳಿಯನ್ನೂ ಒಗರನ್ನೂ ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತದೆ. ಗಸಿ ಇನ್ನೂ ಪೂರ್ತಿ ಕೆಳಗಿಳಿದಿರುವುದಿಲ್ಲ. ಸೆಲ್ಲಾರಿನ ತಂಪಿನಲ್ಲಿ ವಾಸನೆ ಮುದುಡಿಕೊಂಡಿರುತ್ತದೆ. ಬ್ಯಾರೆಲ್ ಹೊಸದಾದರೆ ಮರದ ಘಾಟು ಬೇರೆ. ಇದನ್ನೆಲ್ಲ ದಾಟಿ ಒಳಗೆ ಏನಿದೆ ಅಂತ ನೋಡಬೇಕು.

ನನಗೆ ಈ ಕೆಲಸ ಕಲಿಸಿದ ಹಿರಿಯರು, ನಮ್ಮ ಸೆಲ್ಲಾರನ್ನು ಇಪ್ಪತ್ತು ವರ್ಷ ನೋಡಿಕೊಂಡವರು, ಮೊದಲ ದಿನವೇ ಒಂದು ಮಾತು ಹೇಳಿದ್ದರು. ನಾನು ಗ್ಲಾಸು ಮೂಸಿ "ಚೆನ್ನಾಗಿದೆ ಸಾರ್" ಅಂದೆ. "ಚೆನ್ನಾಗಿದೆಯೋ ಇಲ್ಲವೋ ನಿನ್ನನ್ನ ಯಾರಮ್ಮ ಕೇಳಿದ್ದು? ಇದರಲ್ಲಿ ಹೋಗೋದು ಯಾವುದು, ಉಳಿಯೋದು ಯಾವುದು, ಅದನ್ನ ಹೇಳು" ಅಂದರು. ಹೊಸ ವಿಂಟೇಜ್, ಅಂದರೆ ಒಂದು ವರ್ಷದ ಕೊಯ್ಲಿನ ವೈನು, ಅದನ್ನು ಅಳೆಯುವುದು ಅಂದರೆ ಇಷ್ಟೇ. ಹೇಳುವುದು ಸುಲಭ.

ಹೋಗುವಂಥವು ಹಲವು. ಗ್ಯಾಸು ಹೋಗುತ್ತದೆ, ಸ್ಯಾಂಪಲ್ ಬಾಟಲಿಯನ್ನು ಅರ್ಧ ತುಂಬಿ ಜೋರಾಗಿ ಕುಲುಕಿದರೆ ಅಲ್ಲೇ ಅರ್ಧ ಹೋಗುತ್ತದೆ. ಬಾಳೆಹಣ್ಣಿನಂಥ, ಮಿಠಾಯಿಯಂಥ ಸಿಹಿ ಪರಿಮಳ ಯೀಸ್ಟು ಕೊಟ್ಟದ್ದು, ಒಂದು ವರ್ಷದೊಳಗೆ ಹೆಚ್ಚುಕಡಿಮೆ ಹಾರಿಹೋಗುತ್ತದೆ. ಇದನ್ನು ನಂಬಿ ಬಿಳಿ ವೈನನ್ನು ಹೊಗಳಿ ಮೋಸಹೋದವರು ಬಹಳ ಮಂದಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೊಸಬರು ಹೆದರುತ್ತಾರೆ. ದ್ರಾಕ್ಷಿ ರಸದಲ್ಲಿ ಸಾರಜನಕ ಸಾಲದೆ ಯೀಸ್ಟು ಒದ್ದಾಡಿದಾಗ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಅಷ್ಟೆ. ಬೇಗ ಕಂಡರೆ ಗಾಳಿಯಾಡಿಸಿ ಬೇರೆ ಬ್ಯಾರೆಲ್ಲಿಗೆ ಸುರಿದರೆ ಸಾಕು. ಅನುಮಾನ ಇದ್ದರೆ ಎರಡು ಗ್ಲಾಸಿನಲ್ಲಿ ಅದೇ ವೈನ್ ಹಾಕಿ, ಒಂದಕ್ಕೆ ಮೈಲುತುತ್ತಿನ ತೆಳು ದ್ರಾವಣದ ಒಂದು ಹನಿ ಬಿಡಿ. ಆ ಗ್ಲಾಸಿನ ನಾತ ಮಾಯವಾದರೆ ರೋಗ ಅದೇ. (ಮೈಲುತುತ್ತಿನ ಗ್ಲಾಸನ್ನು ಮೂಸುವುದು ಮಾತ್ರ, ಕುಡಿಯುವುದಲ್ಲ. ಒಮ್ಮೆ ಒಬ್ಬ ಟ್ರೈನಿ ಗ್ಲಾಸು ಎತ್ತಿಯೇಬಿಟ್ಟಿದ್ದ.) ಅದೇ ನಾತ ತಿಂಗಳುಗಟ್ಟಲೆ ಕೂತರೆ ಮಾತ್ರ ಬೇರೆ ಗಂಧಕದ ಸಂಯುಕ್ತಗಳಾಗಿ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಮೈಲುತುತ್ತಿಗೂ ಬಗ್ಗುವುದಿಲ್ಲ. ಹಾಗಾಗಿ ಹೋಗುವುದನ್ನೂ ನಾವೇ ಕಳಿಸಿಕೊಡಬೇಕು.

ಒಗರಿನ ವಿಷಯ ಸ್ವಲ್ಪ ಜಟಿಲ. ಇಲ್ಲಿ ನಮ್ಮ ಭಾಷೆ ನನಗೆ ಉಪಕಾರ ಮಾಡಿದೆ. ರುಚಿ ನೋಡುವ ತರಬೇತಿಗಳಲ್ಲಿ ಇಂಗ್ಲಿಷಿನಲ್ಲಿ ಕಲಿತವರು ಕಹಿಯನ್ನೂ ಒಗರನ್ನೂ ಕಲಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕನ್ನಡದವರಿಗೆ ಆ ಗೊಂದಲವೇ ಇಲ್ಲ: ಕಹಿ ನಾಲಿಗೆಗೆ ತಿಳಿಯುತ್ತದೆ, ಒಗರು ಇಡೀ ಬಾಯಿಯನ್ನು ಹಿಡಿಯುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ನು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನ ಕಳೆಯುತ್ತದೆ, ಅದೇ ಒಗರು. ಈಗ ಒಗರಿನಲ್ಲೇ ಎರಡು ಜಾತಿ. ಹಣ್ಣಾದ ಸಿಪ್ಪೆಯ ಒಗರು ಒಸಡಿನ ಮೇಲೆ ಬಟ್ಟೆ ಹಾಸಿದಂತೆ ಹರಡುತ್ತದೆ, ಕಾಲ ಕಳೆದಂತೆ ನಯವಾಗುತ್ತದೆ. ಬಲಿಯದ ಬೀಜದ ಒಗರು ಗೀರುತ್ತದೆ, ಜೊತೆಗೆ ಕಹಿಯನ್ನೂ ಕರೆತರುತ್ತದೆ. ಕೊಯ್ಲಿಗೆ ಮೊದಲು ತೋಟದಲ್ಲಿ ಬೀಜ ಕಚ್ಚಿ ನೋಡುವುದು ಇದಕ್ಕೇ. ಹಸಿರಾಗಿದ್ದರೆ ಕಾಯಬೇಕು, ಕಂದಾಗಿ ಕಟುಂ ಅಂದರೆ ಸರಿ. ತೋಟದಲ್ಲಿ ಆತುರಪಟ್ಟವರು ಸೆಲ್ಲಾರಿನಲ್ಲಿ ವರ್ಷಗಟ್ಟಲೆ ಕಾದರೂ ಆ ಒಗರು ಪೂರ್ತಿ ಇಳಿಯುವುದಿಲ್ಲ.

ಉಳಿಯುವಂಥವೇ ಭಯ ಹುಟ್ಟಿಸುವಂಥವು. ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಕೆಂಪು ವೈನಿನ ತಳಿಯ ಹಣ್ಣು ಸರಿಯಾಗಿ ಬಿಸಿಲು ಕಾಣದಿದ್ದರೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ. ಮೆಥಾಕ್ಸಿಪೈರಜೀನ್ ಅನ್ನುವ ವಸ್ತುವಿನದು ಅದು. ಲೀಟರಿಗೆ ಕೆಲವೇ ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವು ಪಾಲು ಇದ್ದರೂ ಮೂಗಿಗೆ ತಿಳಿಯುತ್ತದೆ, ಬಾಟಲಿಯಲ್ಲೂ ಕದಲುವುದಿಲ್ಲ. ವಿನೆಗರಿನ ಹುಳಿ ಬಂದಿದ್ದರೆ ಅದೂ ಉಳಿಯುತ್ತದೆ. ಇನ್ನು ಹೊಗೆ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು ಹಬ್ಬಿದಾಗ ಎಷ್ಟೋ ವೈನರಿಗಳು ಆ ವರ್ಷ ಕೆಂಪು ವೈನನ್ನೇ ಮಾಡಲಿಲ್ಲ. ಹೊಗೆಯ ಅಂಶ ಹಣ್ಣಿನೊಳಗೆ ಸಕ್ಕರೆಗೆ ಅಂಟಿಕೊಂಡು ಅಡಗಿ ಕೂರುತ್ತದೆ. ಹಣ್ಣು ತಿಂದರೆ ಗೊತ್ತಾಗುವುದಿಲ್ಲ, ಹುದುಗುವಾಗಲೂ ಆಮೇಲೆ ಬಾಟಲಿಯಲ್ಲೂ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಎಂಜಲು ಕೂಡ ಅದನ್ನು ಬಿಡಿಸುತ್ತದೆ. ಮೂಗಿಗೆ ಏನೂ ತಿಳಿಯದ ವೈನು ನುಂಗಿದ ಅರ್ಧ ನಿಮಿಷಕ್ಕೆ ಬಾಯಲ್ಲಿ ಬೂದಿಯಾಗುವುದು ಹೀಗೆ.

ಎಲ್ಲಕ್ಕಿಂತ ಮುಖ್ಯವಾಗಿ ಉಳಿಯುವುದು ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ. ಏಳನೇ ಟ್ಯಾಂಕಿನ ಕಥೆ ಅದೇ.

ಆರು ವರ್ಷ ಹಿಂದಿನ ಆ ಬೇಸಿಗೆ ಭಯಂಕರ ಬಿಸಿ. ಸಕ್ಕರೆ ಓಡುತ್ತಲೇ ಇತ್ತು, ಕೊಯ್ಯುವ ಆಳು ಸಿಗುವುದು ತಡವಾಯಿತು, ಕೊಯ್ದಾಗ ರಸ 26.5 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ ಅದು). ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಒಂದು ಶೇಕಡಾ ಆಲ್ಕೋಹಾಲ್ ಅನ್ನುವುದು ನಮ್ಮ ಬಾಯಿಪಾಠದ ಲೆಕ್ಕ. ವೈನು 15 ಶೇಕಡಾ ದಾಟಿತು. ಆಮೇಲೆ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಗಿಸುವ ಎರಡನೇ ಹಂತ. ಇದನ್ನು ನಾವು ಕಾಗದದ ಮೇಲೆ ನೋಡುತ್ತೇವೆ: ನೀಲಿ-ಹಸಿರು ಹಾಳೆಯ ಮೇಲೆ ಹಳದಿ ಚುಕ್ಕೆಗಳು, ಮ್ಯಾಲಿಕ್ಕಿನ ಚುಕ್ಕೆ ಮಾಯವಾದರೆ ಕೆಲಸ ಮುಗಿಯಿತು. ಚೂಪು ಹುಳಿ ಹೋಗಿ ಮೆತ್ತನೆಯ ಹುಳಿ ಬರುತ್ತದೆ, ಪಿಎಚ್ ಇನ್ನೂ ಏರುತ್ತದೆ. ಏಳನೇ ಟ್ಯಾಂಕಿನದು 3.9ಕ್ಕೆ ಬಂದು ನಿಂತಿತು.

ಆ ಅಂಕಿಯನ್ನು ನನ್ನ ಕೈಯಾರೆ ಬರೆದಿದ್ದೇನೆ. ಪುಟದ ಎಡಮೂಲೆಯಲ್ಲಿ 3.9, ಬಲಮೂಲೆಯಲ್ಲಿ ಮೂರು ಆಶ್ಚರ್ಯಸೂಚಕ. ಎರಡರ ನಡುವೆ ಒಂದು ಗೇಣು ಜಾಗ. ಆ ಗೇಣನ್ನು ದಾಟಲು ನನಗೆ ನಾಲ್ಕು ವರ್ಷ ಬೇಕಾಯಿತು.

ಯಾಕೆ ಅಂದರೆ: ವೈನನ್ನು ಕಾಪಾಡುವ ಸಲ್ಫರ್ ಡೈಆಕ್ಸೈಡಿನ ಬಲ ಪಿಎಚ್‌ನ ಕೈಯಲ್ಲಿದೆ. ಪಿಎಚ್ 3.4 ಇದ್ದಾಗ ಲೀಟರಿಗೆ ಸುಮಾರು 32 ಮಿಲಿಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ (ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದು) ಮಾಡುವ ಕೆಲಸವನ್ನು 3.9ರಲ್ಲಿ ಮಾಡಲು ಹತ್ತಿರಹತ್ತಿರ 100 ಮಿಲಿಗ್ರಾಂ ಬೇಕು. ಅಷ್ಟು ಹಾಕಿದರೆ ಕಡ್ಡಿಪೆಟ್ಟಿಗೆಯ ಮೂತಿಗೆ ಮೂಗು ಹಿಡಿದಂತಾಗುತ್ತದೆ. ಯಾರೂ ಹಾಕುವುದಿಲ್ಲ, ನಾವೂ ಹಾಕಲಿಲ್ಲ. ಬ್ರೆಟನೋಮೈಸಿಸ್ ಅನ್ನುವ ಕಾಡು ಯೀಸ್ಟು ಬ್ಯಾರೆಲ್ಲಿನ ಮರದೊಳಗೆ ಕಾಯುತ್ತಲೇ ಇರುತ್ತದೆ. ನಾಲ್ಕನೇ ವರ್ಷ ಬಾಟಲಿ ತೆಗೆದಾಗ ಹಣ್ಣಿನ ಜಾಗದಲ್ಲಿ ಕುದುರೆ ಲಾಯದ ವಾಸನೆ, ಅಂಚಿನಲ್ಲಿ ಕಂದು, ನಾಲಿಗೆ ಮೇಲೆ ಆಲ್ಕೋಹಾಲಿನ ಬಿಸಿ, ಆಮೇಲೆ ಏನೂ ಇಲ್ಲ.

ನನ್ನನ್ನು ನಿಜಕ್ಕೂ ಚುಚ್ಚಿದ್ದು ಬಣ್ಣ. "ಮಸಿಯಂಥ ಬಣ್ಣ" ಅಂತ ಹಿಗ್ಗಿ ಬರೆದಿದ್ದೆನಲ್ಲ, ಅದರ ಮುಂದೆಯೇ "ನೀಲಿ ಛಾಯೆ, ರಾಜಗಾಂಭೀರ್ಯ" ಅಂತಲೂ ಇದೆ. ಹೊಸ ವೈನು ನೇರಳೆಯಾಗಿರುವುದು ಸಹಜ, ನಿಜ. ಆದರೆ ದ್ರಾಕ್ಷಿಯ ಬಣ್ಣದ ಅಣು ಹುಳಿ ಇದ್ದಷ್ಟೂ ಕೆಂಪು, ಹುಳಿ ಇಳಿದಷ್ಟೂ ನೀಲಿಯ ಕಡೆ ವಾಲುತ್ತದೆ. ಪೇಂಟ್ ಲ್ಯಾಬಿನಿಂದ ಬಂದವಳು ನಾನು. ಲಿಟ್ಮಸ್ ಕಾಗದ ಕಣ್ಣೆದುರಿಗೇ ಇತ್ತು, ಅದನ್ನು ನೋಡಿ ಕವಿತೆ ಬರೆದೆ.

ಕಣ್ಣು ಮೂಗನ್ನು ಹೇಗೆ ಆಳುತ್ತದೆ ಅನ್ನುವುದಕ್ಕೆ 2001ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಫ್ರಾನ್ಸಿನ ವೈನ್ ಸೀಮೆಯಾದ ಬೋರ್ಡೋದ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಇದನ್ನು ಹೇಳಿ ತಜ್ಞರನ್ನು ಗೇಲಿ ಮಾಡುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಅಲ್ಲಿ ಇದ್ದಿದ್ದರೆ ಐವತ್ತೈದನೆಯವಳು ನಾನೇ. ಈಗ ಮೊದಲ ಸುತ್ತು ಕಪ್ಪು ಗ್ಲಾಸಿನಲ್ಲಿ ನೋಡುತ್ತೇನೆ, ಲ್ಯಾಬಿನ ಹುಡುಗಿ ನಂಬರು ಬದಲಾಯಿಸಿ ಕೊಡುತ್ತಾಳೆ. ಒಂದು ವೈನನ್ನು ಎರಡು ಸಲ ಇಡು ಅಂತಲೂ ಹೇಳಿದ್ದೇನೆ, ಯಾವುದು ಅಂತ ನನಗೆ ಹೇಳಬಾರದು. ಹೋದ ವರ್ಷ ಒಂದೇ ಬೆಳಿಗ್ಗೆ ಒಂದೇ ವೈನಿಗೆ ಇಪ್ಪತ್ತಕ್ಕೆ 14 ಕೊಟ್ಟು, ನಲವತ್ತು ನಿಮಿಷ ಬಿಟ್ಟು 16 ಕೊಟ್ಟೆ. ಸಮಾಧಾನ ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ಸ್ಪರ್ಧೆಯಲ್ಲಿ ಒಂದೇ ಬಾಟಲಿಯನ್ನು ಮೂರು ಸಲ ಕೊಟ್ಟು ತೀರ್ಪುಗಾರರನ್ನೇ ಪರೀಕ್ಷಿಸಿದ ರಾಬರ್ಟ್ ಹಾಡ್ಜ್‌ಸನ್ ಅನ್ನುವವರಿಗೆ, ಹತ್ತರಲ್ಲಿ ಒಬ್ಬರು ಮಾತ್ರ ಮೂರು ಸಲವೂ ಒಂದೇ ದರ್ಜೆಯ ಪದಕ ಕೊಟ್ಟದ್ದು ಕಂಡಿತ್ತು.

ಹಾಗಾದರೆ ಮೂರನೇ ಟ್ಯಾಂಕು? ಒಂಬತ್ತು ವರ್ಷ ಹಿಂದೆ ಕೊಯ್ಲಿನ ಹೊತ್ತಿಗೆ ಮಳೆ, 22.5 ಬ್ರಿಕ್ಸ್‌ಗೇ ಕೊಯ್ದೆವು, ಪಿಎಚ್ 3.4. ಮೂರು ತಿಂಗಳಿಗೆ ನೋಡಿದಾಗ ಮೂಳೆ ಚರ್ಮ. ಸ್ಯಾಂಪಲ್ ಬಾಟಲಿಯಲ್ಲಿ ಅರ್ಧ ಉಳಿದದ್ದನ್ನು ಕಿಟಕಿ ಪಕ್ಕ ಮರೆತು ಮನೆಗೆ ಹೋದೆ. ಸೋಮವಾರ ಹಿರಿಯರು ಅದನ್ನೇ ಗ್ಲಾಸಿಗೆ ಸುರಿದುಕೊಂಡು ನಿಂತಿದ್ದರು. "ಶುಕ್ರವಾರಕ್ಕಿಂತ ಇವತ್ತು ಚೆನ್ನಾಗಿದೆಯಲ್ಲಮ್ಮ" ಅಂದರು. ಮೂರು ದಿನ ಗಾಳಿಯಲ್ಲಿ ಬಿದ್ದಿದ್ದ ವೈನು ಸೋಲುವ ಬದಲು ತೆರೆದುಕೊಂಡಿತ್ತು. ನಾನು ಮರ್ಯಾದೆಗೆ "ಹೌದು ಸಾರ್" ಅಂದೆ, ಪುಟ ತಿದ್ದಲಿಲ್ಲ. ಅವರ ಹಟದಿಂದ ಎರಡು ಬ್ಯಾರೆಲ್ ಮಾತ್ರ ಬ್ಲೆಂಡಿಗೆ ಹೋಗದೆ ಉಳಿದವು, ಸುಮಾರು ಆರುನೂರು ಬಾಟಲಿ. ಮೊನ್ನೆ ಒಂದು ತೆಗೆದೆ. ಬಣ್ಣ ಇಂದಿಗೂ ತೆಳುವೇ. ಆದರೆ ನುಂಗಿದ ಮೇಲೆ ಎಣಿಸಿದರೆ ಹದಿನೈದಕ್ಕೂ ರುಚಿ ಬಾಯಲ್ಲಿತ್ತು. ಅವರು ನಿವೃತ್ತರಾಗಿದ್ದಾರೆ, ಫೋನ್ ಮಾಡಿ ಹೇಳಿದೆ. "ಯಾವ ಟ್ಯಾಂಕು?" ಅಂದರು. ಮರೆತೇಬಿಟ್ಟಿದ್ದಾರೆ.

ನನಗಿಂತ ದೊಡ್ಡವರೂ ಎಡವಿದ್ದಾರೆ ಅನ್ನುವುದೊಂದು ಆಸರೆ. ಬೋರ್ಡೋದಲ್ಲಿ ಕೊಯ್ಲಾದ ಮುಂದಿನ ವಸಂತಕ್ಕೆ, ಅಂದರೆ ವೈನಿಗೆ ಆರು ತಿಂಗಳಾಗಿರುವಾಗ, ವ್ಯಾಪಾರಿಗಳನ್ನೂ ವಿಮರ್ಶಕರನ್ನೂ ಕರೆದು ಬ್ಯಾರೆಲ್ಲಿನಿಂದಲೇ ರುಚಿ ತೋರಿಸಿ, ಬಾಟಲಿಗೆ ತುಂಬುವ ಎಷ್ಟೋ ಮೊದಲೇ ಮಾರುತ್ತಾರೆ. (ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬೋರ್ಡೋವೇ ಇದು; ಆ ಮೈಲುತುತ್ತು-ಸುಣ್ಣದ ಮದ್ದು ಬಂದದ್ದು ಅಲ್ಲಿನ ದ್ರಾಕ್ಷಿಗೆ ಬೂಷ್ಟು ತಗುಲಿದಾಗ.) ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನಬಹುದು, ಇಲ್ಲಿ ಕುಲಾವಿಗೆ ಮುಂಗಡವನ್ನೂ ಪಡೆದಿರುತ್ತಾರೆ. ಅಲ್ಲಿ 1975ರ ವಿಂಟೇಜನ್ನು ಗಟ್ಟಿ ಒಗರು ನೋಡಿ ದೀರ್ಘಾಯುಷಿ ಅಂತ ಹರಸಿದರು. ಬಹಳಷ್ಟು ಬಾಟಲಿಗಳಲ್ಲಿ ಒಗರು ಇಳಿಯುವ ಹೊತ್ತಿಗೆ ಹಣ್ಣೇ ಒಣಗಿತ್ತು. 1982ರದ್ದನ್ನು ಹುಳಿ ಕಡಿಮೆ, ಬಾಳಿಕೆ ಬರುವುದಿಲ್ಲ ಅಂತ ಕೆಲವರು ಅನುಮಾನಿಸಿದರು. ರಾಬರ್ಟ್ ಪಾರ್ಕರ್ ಎಂಬ ಅಮೆರಿಕದ ವಿಮರ್ಶಕ ಅದು ಮಹಾ ವಿಂಟೇಜ್ ಅಂತ ಪಟ್ಟುಹಿಡಿದು ಹೆಸರು ಮಾಡಿದ, ವೈನುಗಳೂ ಬಾಳಿದವು. ನನ್ನ ಏಳನೇ ಟ್ಯಾಂಕು ನೆನೆದು ಈ 1982 ನನಗೆ ಕಿರಿಕಿರಿ ಮಾಡುತ್ತದೆ: ಹುಳಿ ಕಡಿಮೆ ಇದ್ದೂ ಬದುಕಿತಲ್ಲ! ಎಷ್ಟು ಕಡಿಮೆ ಅನ್ನುವುದೇ ಪ್ರಶ್ನೆ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ರುಚಿಯನ್ನೇ ನೋಡದೆ ಅಳೆದವರೂ ಇದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ ಬೋರ್ಡೋದ ಚಳಿಗಾಲದ ಮಳೆ, ಏಪ್ರಿಲ್‌ನಿಂದ ಸೆಪ್ಟೆಂಬರಿನ ಸರಾಸರಿ ಉಷ್ಣತೆ, ಆಗಸ್ಟ್-ಸೆಪ್ಟೆಂಬರಿನ ಮಳೆ, ಇಷ್ಟರಿಂದಲೇ ಒಂದು ವಿಂಟೇಜಿನ ಹರಾಜಿನ ಬೆಲೆ ಊಹಿಸುವ ಸೂತ್ರ ಕಟ್ಟಿದ. ಗ್ಲಾಸು ಮುಟ್ಟದೆ 1989, 1990 ಎರಡೂ ಶ್ರೇಷ್ಠ ಅಂದ. ವೈನ್ ಲೋಕಕ್ಕೆ ಸಿಟ್ಟು ಬಂತು. ಹೌದು, ಬರಬೇಕಾದ್ದೇ, ಯಾಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು. ನಾನು ಆ ಸೂತ್ರವನ್ನು ಗೌರವಿಸುತ್ತೇನೆ, ಆದರೆ ಅದು ಇಡೀ ಸೀಮೆಯ ಸರಾಸರಿ ಹೇಳುತ್ತದೆ. ನನಗೆ ಸಂಬಳ ಕೊಡುವುದು ಟ್ಯಾಂಕಿಗೆ ಉತ್ತರ ಹೇಳಲು. ಒಂದೇ ವರ್ಷ, ಒಂದೇ ತೋಟ, ಎರಡು ವಾರ ವ್ಯತ್ಯಾಸದಲ್ಲಿ ಕೊಯ್ದ ಎರಡು ತಳಿಗಳ ನಡುವೆ ಮಳೆ ಬಂದು ಹೋದರೆ ಅವು ಎರಡು ಬೇರೆ ವಿಂಟೇಜುಗಳು.

ಸರಿ, ಈ ಸಲದ್ದು. ಸೋಮವಾರದಿಂದ ಬೆಳಿಗ್ಗೆ ಹತ್ತೂವರೆಗೆ ಕೂರುತ್ತಿದ್ದೇನೆ, ಹೊಟ್ಟೆ ಸ್ವಲ್ಪ ಹಸಿದಿರುವಾಗ. ದಿನಕ್ಕೆ ಹನ್ನೆರಡು ಗ್ಲಾಸು, ಅದರ ಮೇಲೆ ಒಗರಿಗೆ ಬಾಯಿ ಸತ್ತುಹೋಗುತ್ತದೆ. ಬ್ಯಾರೆಲ್ಲಿನಿಂದ ಎತ್ತುವ ಗಾಜಿನ ಕೊಳವೆಗೆ ವೈನ್ ಥೀಫ್ ಅನ್ನುತ್ತಾರೆ, ಕಳ್ಳ ಅಂತಲೇ ಅರ್ಥ. ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ 18 ಡಿಗ್ರಿಗೆ ತಂದು ಆಮೇಲೆ ಬಾಯಿಗೆ. ಹಣ್ಣು ಸಣ್ಣದಿತ್ತು, ಅಂದರೆ ರಸಕ್ಕೆ ಸಿಪ್ಪೆ ಜಾಸ್ತಿ. ಕೊಯ್ಲಿನ ಸರಾಸರಿ 23.8 ಬ್ರಿಕ್ಸ್, ಎರಡನೇ ಹಂತ ಮುಗಿದ ಟ್ಯಾಂಕುಗಳ ಪಿಎಚ್ 3.55ರಿಂದ 3.65ರೊಳಗೆ. ಐದನೇ ಟ್ಯಾಂಕಿನಲ್ಲಿ ದೊಣ್ಣೆಮೆಣಸಿನಕಾಯಿ ಇದೆ. ಇಲ್ಲ ಅನ್ನಲು ಮೂರು ಬೆಳಿಗ್ಗೆ ಪ್ರಯತ್ನಿಸಿದೆ, ಇದೆ. ಪ್ರೆಸ್ ಮಾಡಿ ಹಿಂಡಿದ ಪಾಲು ಈ ಸಲ ಆಶ್ಚರ್ಯಕ್ಕೆ ನಯವಾಗಿದೆ, ಅದನ್ನು ಬ್ಲೆಂಡಿಗೆ ಇಟ್ಟುಕೊಳ್ಳುತ್ತೇನೆ. ಎರಡನೇ ಟ್ಯಾಂಕು ಏನನ್ನೂ ಹೇಳುತ್ತಿಲ್ಲ, ಬಾಯಿ ಹೊಲಿದುಕೊಂಡು ಕೂತಿದೆ.

ನಿನ್ನೆ ಮಾಲೀಕರು ಬಾಗಿಲಲ್ಲಿ ನಿಂತು, ಬೆಲೆಪಟ್ಟಿಗೆ ಒಂದು ಸಾಲು ಬೇಕಿತ್ತಲ್ಲ ಅಂದರು. ಪಿಎಚ್ ಹೇಳಲು ಶುರು ಮಾಡಿದೆ. "ಅದೆಲ್ಲ ಬಿಡಮ್ಮ, ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ ಅಂತಾರಲ್ಲ, ಗೊತ್ತಾಯ್ತಾ ಇಲ್ವಾ?" ಅಂದರು. ಮೊಳಕೆಗೆ ಇನ್ನೂ ಗ್ಯಾಸಿದೆ ಸಾರ್, ಎರಡು ತಿಂಗಳು ಕೊಡಿ ಅಂದೆ. ನಗಲಿಲ್ಲ.

ಈ ವರ್ಷದ ನೋಟ್‌ಬುಕ್ಕಿನಲ್ಲಿ ಪೆನ್ನು ಬಳಸಿಲ್ಲ. ಪಿಎಚ್‌ನ ಅಂಕಿಯನ್ನು ಎಡಮೂಲೆಯಿಂದ ತಂದು ಪುಟದ ನಡುವೆ, ಟಿಪ್ಪಣಿಯ ತಲೆಯ ಮೇಲೇ ಬರೆಯುತ್ತಿದ್ದೇನೆ. ಹನ್ನೊಂದನೇ ಬ್ಯಾರೆಲ್ಲಿಗೆ ಮೊಟ್ಟೆ ನಾತ ಇತ್ತು, ಮಂಗಳವಾರ ಬೇರೆ ಬ್ಯಾರೆಲ್ಲಿಗೆ ಸುರಿದೆವು, ಇವತ್ತು ಮೂಸಿದರೆ ಮುಕ್ಕಾಲು ಹೋಗಿದೆ. ಎರಡನೇ ಟ್ಯಾಂಕಿನ ಅರ್ಧ ಬಾಟಲಿಯನ್ನು ಮುಚ್ಚಳ ಹಾಕದೆ ಕಿಟಕಿ ಪಕ್ಕ ಇಟ್ಟಿದ್ದೇನೆ, ತೊಳೆಯುವವರು ಎತ್ತದಿರಲಿ ಅಂತ ಚೀಟಿ ಅಂಟಿಸಿ. ಸೋಮವಾರ ನೋಡಬೇಕು.